ತಲೆಯ ಮೇಲೊಂದು ಸುರುಳಿ, ಹೆಜ್ಜೆಗೊಂದು ಗೆರೆ

ಅರಸೀಕೆರೆಯ ಕೊಬ್ಬರಿ ಮಂಡಿಯೊಂದರಲ್ಲಿ ದಶಕಗಳಿಂದ ಲೆಕ್ಕ ಬರೆಯುತ್ತಿರುವ ಗುಮಾಸ್ತರೊಬ್ಬರನ್ನು ಊಹಿಸಿಕೊಳ್ಳೋಣ. ಸಾಲಿನ ಶುರುವಿನಲ್ಲಿ ಅವರ ಅಕ್ಷರ ಹಿಂದಿನಂತೆಯೇ ದುಂಡಗೆ ಇರುತ್ತದೆ. ಸಾಲು ಮುಗಿಯುವಷ್ಟರಲ್ಲಿ ಓದಲಾಗದಷ್ಟು ಸಣ್ಣದಾಗಿ, ಒಂದರ ಮೇಲೊಂದು ಒತ್ತಿಕೊಂಡಿರುತ್ತದೆ. ಮನೆಯವರು ಕನ್ನಡಕ ಬದಲಿಸಿ ಎನ್ನುತ್ತಾರೆ. ಕೆಲವು ತಿಂಗಳಲ್ಲಿ ನಡೆಯುವಾಗ ಬಲಗೈ ಬೀಸುವುದು ನಿಲ್ಲುತ್ತದೆ. ಸುಮ್ಮನೆ ಕೂತಾಗ ಹೆಬ್ಬೆರಳೂ ತೋರುಬೆರಳೂ ಒಂದನ್ನೊಂದು ಉಜ್ಜುತ್ತ ಅದುರುತ್ತವೆ. ಲೋಟ ಹಿಡಿಯಲು ಕೈ ಚಾಚಿದರೆ ಅದುರು ಕಡಿಮೆಯಾಗುತ್ತದೆ. ‘ವಯಸ್ಸಾಯ್ತಲ್ಲ, ಕೈ ಅದುರುತ್ತೆ ಬಿಡಿ’ ಎಂದು ನೆಂಟರು ಸಮಾಧಾನ ಹೇಳುತ್ತಾರೆ. ಒಂದು ಪಕ್ಕ ನಿಧಾನವಾಗಿದೆ ಎಂದು ಗಮನಿಸಿದವರು ಲಕ್ವ ಇರಬೇಕೆಂದು ಎಣ್ಣೆ ತಿಕ್ಕಿಸುತ್ತಾರೆ. ಹೀಗೆ ಒಂದೆರಡು ವರ್ಷ ಕಳೆದ ಮೇಲೆ ಯಾವುದೋ ಡಾಕ್ಟರು ಪಾರ್ಕಿನ್ಸನ್ ಎಂಬ ಹೆಸರು ಹೇಳುತ್ತಾರೆ.

ಹೆಸರು ತಿಳಿದ ದಿನವೇ ಮಗನೋ ಅಳಿಯನೋ ಫೋನಿನಲ್ಲಿ ಹುಡುಕತೊಡಗುತ್ತಾನೆ. ಆಗ ಸಿಗುವ ಮಾಹಿತಿಯ ರಾಶಿಯಲ್ಲಿ ಈಚೆಗೆ ಪದೇ ಪದೇ ಕಣ್ಣಿಗೆ ಬೀಳುವುದು ಆಪರೇಷನ್ ಇಲ್ಲದೆ, ತಲೆಬುರುಡೆಗೆ ತೂತು ಕೊರೆಯದೆ, ಹೊರಗಿನಿಂದಲೇ ಮೆದುಳನ್ನು ಚುರುಕುಗೊಳಿಸುವ ಚಿಕಿತ್ಸೆ. ಅಯಸ್ಕಾಂತದ ಸುರುಳಿ, ಸಣ್ಣ ಕರೆಂಟಿನ ಪಟ್ಟಿ, ಕಂಪಿಸುವ ಕೈಗವಸು ಹೀಗೆ ನಾನಾ ರೂಪದಲ್ಲಿ ಅದು ಕಾಣಿಸುತ್ತದೆ. ಇದರಲ್ಲಿ ನಿಜ ಎಷ್ಟು, ಅರಸೀಕೆರೆ, ಬೇಲೂರು, ಹಳೇಬೀಡಿನ ಕಡೆಯ ಮನೆಯೊಂದಕ್ಕೆ ದಕ್ಕುವುದು ಎಷ್ಟು ಎಂಬುದನ್ನು ಬಿಡಿಸಿ ನೋಡಬೇಕಾದ ಅಗತ್ಯ ಇದೆ. ತೋಟ ಅಡವಿಟ್ಟಾದರೂ ಚಿಕಿತ್ಸೆ ಕೊಡಿಸುತ್ತೇವೆ ಎನ್ನುವ ಮಕ್ಕಳು ಈ ಸೀಮೆಯಲ್ಲಿ ಕಡಿಮೆಯಿಲ್ಲ.

ಮೊದಲು ಕಾಯಿಲೆಯ ವಿಷಯ. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಆರು ಮಂದಿಯ ಲಕ್ಷಣಗಳನ್ನು ವಿವರಿಸಿ ಒಂದು ಪುಟ್ಟ ಪುಸ್ತಕ ಬರೆದರು. ನಮ್ಮ ಆಯುರ್ವೇದದಲ್ಲಿ ಕಂಪವಾತ ಎಂಬ ಹೆಸರಿನಲ್ಲಿ ಇದನ್ನು ಹೋಲುವ ವರ್ಣನೆ ಅದಕ್ಕಿಂತ ಬಹಳ ಹಿಂದೆಯೇ ಇತ್ತು. ಮೆದುಳಿನ ಬುಡದಲ್ಲಿ ಕಪ್ಪು ಬಣ್ಣದ ಜೀವಕೋಶಗಳ ಸಣ್ಣ ಪಟ್ಟಿಯೊಂದಿದೆ. ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುವುದು ಅದರ ಕೆಲಸ. ಆ ಜೀವಕೋಶಗಳು ಒಂದೊಂದಾಗಿ ಸಾಯುತ್ತ ಬಂದು, ಸುಮಾರು ಅರ್ಧದಷ್ಟು ಹೋದ ಮೇಲೆ ಲಕ್ಷಣ ಹೊರಬೀಳುತ್ತದೆ. ಕೆರೆಯ ತೂಬಿನ ಕೆಲಸ ಗೊತ್ತಿರುವ ಸೀಮೆ ಇದು. ಕೈ ಎತ್ತು, ಹೆಜ್ಜೆ ಇಡು ಎಂಬ ಆಜ್ಞೆ ಕೆರೆಯ ನೀರಾದರೆ, ಮೆದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಎಂಬ ಗುಂಪು ಅದರ ತೂಬು. ತೂಬಿನ ಹಲಗೆಯನ್ನು ಮೇಲೆತ್ತುವುದು ಡೋಪಮೈನ್. ಅದು ಕಡಿಮೆಯಾದರೆ ಕೆರೆಯಲ್ಲಿ ನೀರಿದ್ದೂ ಕಾಲುವೆಗೆ ಹರಿಯುವುದಿಲ್ಲ. ಸ್ನಾಯುವಿಗೆ ಶಕ್ತಿ ಇದೆ, ಮನಸ್ಸಿಗೆ ಇಚ್ಛೆ ಇದೆ, ಆದರೂ ಕಾಲು ಏಳುವುದಿಲ್ಲ.

ಇದು ಪಟ್ಟಣದವರ ಕಾಯಿಲೆ ಎಂಬ ಭಾವನೆ ತಪ್ಪು. ನಿಮ್ಹಾನ್ಸ್‌ನ ಡಾ. ಎಂ. ಗೌರೀದೇವಿ ಮತ್ತು ಸಂಗಡಿಗರು ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ 1,02,557 ಜನರ ಸಮೀಕ್ಷೆ ನಡೆಸಿ, 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಟ್ಟಾರೆ ನರಸಂಬಂಧಿ ಕಾಯಿಲೆಗಳ ಪ್ರಮಾಣ ನಗರಕ್ಕಿಂತ ಹಳ್ಳಿಗಳಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು ಇತ್ತು. ಪಾರ್ಕಿನ್ಸನ್ ಲಕ್ಷಕ್ಕೆ 33 ಮಂದಿಯಲ್ಲಿ ಕಂಡಿತು. ಆಗಿನ್ನೂ ವಯಸ್ಸಾದವರ ಸಂಖ್ಯೆ ಈಗಿನಷ್ಟಿರಲಿಲ್ಲ. ಜನರ ಆಯಸ್ಸು ಹೆಚ್ಚಿದಂತೆ ಈ ಕಾಯಿಲೆಯೂ ಹೆಚ್ಚುತ್ತದೆ.

ಚಿಕಿತ್ಸೆಯ ಬೆನ್ನೆಲುಬು ಇವತ್ತಿಗೂ ಮಾತ್ರೆಯೇ. ಲೆವೊಡೋಪಾ ಎಂಬ ಈ ಔಷಧ 1960ರ ದಶಕದ ಕೊನೆಗೆ ಬಳಕೆಗೆ ಬಂತು. ಮೆದುಳಿನೊಳಗೆ ಹೋಗಿ ಅದು ಡೋಪಮೈನ್ ಆಗುತ್ತದೆ. ಹಾಸನದ ಬೇಲಿಸಾಲುಗಳಲ್ಲಿ ಹಬ್ಬಿ, ಮುಟ್ಟಿದವರ ಮೈಗೆಲ್ಲ ತುರಿಕೆ ಹತ್ತಿಸುವ ನಸುಗುನ್ನಿ ಬಳ್ಳಿಯ ಬೀಜದಲ್ಲಿ ಇದೇ ಲೆವೊಡೋಪಾ ಇದೆ. 1937ರಲ್ಲಿ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಅದನ್ನು ಬೀಜದಿಂದ ಬೇರ್ಪಡಿಸಿ ತೋರಿಸಿದ್ದರು. ಹಾಗೆಂದು ಬೀಜ ಕುಟ್ಟಿ ಪುಡಿ ಮಾಡಿ ತಿನ್ನುವುದು ಬೇಡ. ಒಂದು ಹಿಡಿಯಲ್ಲಿರುವಷ್ಟು ಔಷಧ ಇನ್ನೊಂದು ಹಿಡಿಯಲ್ಲಿ ಇರುವುದಿಲ್ಲ. ಮೊದಲೇ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಅದು ಅಪಾಯ ತರಬಹುದು.

ಮಾತ್ರೆಯ ತೊಡಕು ಶುರುವಾಗುವುದು ಕೆಲವು ವರ್ಷದ ಬಳಿಕ. ಬೆಳಗ್ಗೆ ಎಂಟಕ್ಕೆ ನುಂಗಿದರೆ ಮಧ್ಯಾಹ್ನದ ತನಕ ಬರುತ್ತಿದ್ದ ಗುಣ ಹತ್ತೂವರೆಗೇ ಇಳಿಯುತ್ತದೆ. ಪ್ರಮಾಣ ಹೆಚ್ಚಿಸಿದರೆ ಮೈ ತಾನಾಗಿ ತೊನೆಯತೊಡಗುತ್ತದೆ. ಇಂಥವರಲ್ಲಿ ಆಯ್ದ ಕೆಲವರಿಗೆ ಮೆದುಳಿನ ಆಳಕ್ಕೆ ತಂತಿ ಇಳಿಸಿ, ಎದೆಯ ಚರ್ಮದಡಿ ಬ್ಯಾಟರಿ ಇಟ್ಟು, ಸದಾ ವಿದ್ಯುತ್ ಮಿಡಿತ ಕೊಡುವ ಶಸ್ತ್ರಚಿಕಿತ್ಸೆ ಇದೆ. ಫ್ರಾನ್ಸಿನ ಗ್ರೆನೋಬಲ್ ನಗರದಲ್ಲಿ ಅಲಿಂ-ಲೂಯಿ ಬೆನಬಿಡ್ 1987ರಲ್ಲಿ ಶುರು ಮಾಡಿದ ಈ ವಿಧಾನ ಬೆಂಗಳೂರಿನಲ್ಲೂ ಲಭ್ಯ. ಫಲ ಚೆನ್ನಾಗಿದೆ; ಖರ್ಚು ಹಲವು ಲಕ್ಷ. ವಯಸ್ಸು, ಮರೆವು, ಬೇರೆ ಕಾಯಿಲೆಗಳ ಕಾರಣಕ್ಕೆ ಬಹುಪಾಲು ರೋಗಿಗಳಿಗೆ ಅದು ಹೊಂದುವುದೂ ಇಲ್ಲ.

ಮಾತ್ರೆ ಸಾಲದು, ಆಪರೇಷನ್ ಆಗದು ಎಂಬ ಈ ನಡುವಿನ ಜಾಗದಲ್ಲಿ ಅಯಸ್ಕಾಂತದ ಸುರುಳಿ ಬಂದು ನಿಂತಿದೆ.

ಹೆಬ್ಬೆರಳು ಅಲುಗುವ ಬಿಂದು

ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ 1985ರಲ್ಲಿ ಆಂಥೋನಿ ಬಾರ್ಕರ್ ಮತ್ತು ಸಂಗಡಿಗರು ತಂತಿಯ ಸುರುಳಿಯೊಂದನ್ನು ತಲೆಯ ಮೇಲಿಟ್ಟು, ಅದರಲ್ಲಿ ಕ್ಷಣಾರ್ಧಕ್ಕೂ ಕಡಿಮೆ ಹೊತ್ತು ಭಾರೀ ಕರೆಂಟ್ ಹರಿಸಿದರು. ಕೈ ಬೆರಳು ತಾನಾಗಿ ಅಲುಗಿತು. 1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಕೊಂಡ ತತ್ವವೇ ಇದರ ಹಿಂದೆ ಇರುವುದು: ಬದಲಾಗುವ ಅಯಸ್ಕಾಂತ ಕ್ಷೇತ್ರ ಹತ್ತಿರದ ವಾಹಕದಲ್ಲಿ ವಿದ್ಯುತ್ ಹುಟ್ಟಿಸುತ್ತದೆ. ಇಲ್ಲಿ ಆ ವಾಹಕ ಮೆದುಳು. ತಲೆಬುರುಡೆ ವಿದ್ಯುತ್ತನ್ನು ಬಹುಪಾಲು ತಡೆಯುತ್ತದೆ, ಅಯಸ್ಕಾಂತವನ್ನು ತಡೆಯುವುದಿಲ್ಲ. ಟ್ರಾನ್ಸ್‌ಕ್ರೇನಿಯಲ್ ಮ್ಯಾಗ್ನೆಟಿಕ್ ಸ್ಟಿಮ್ಯುಲೇಷನ್ ಎಂಬ ಉದ್ದ ಹೆಸರನ್ನು ಆಸ್ಪತ್ರೆಗಳಲ್ಲಿ ಟಿಎಂಎಸ್ ಎಂದು ಮೊಟಕು ಮಾಡಿದ್ದಾರೆ.

‘ತಲೆಗೆ ಕರೆಂಟ್ ಕೊಡ್ತಾರೆ’ ಎಂದ ಕೂಡಲೇ ನಮ್ಮ ಜನರ ಕಣ್ಣಿಗೆ ಬರುವುದು ಮನೋರೋಗಿಗಳಿಗೆ ಕೊಡುವ ಶಾಕ್. ಟಿಎಂಎಸ್ ಅದಲ್ಲ. ಅರಿವಳಿಕೆ ಇಲ್ಲ, ಮೂರ್ಛೆ ಬರಿಸುವುದಿಲ್ಲ. ರೋಗಿ ಎಚ್ಚರವಾಗಿ, ಒರಗು ಕುರ್ಚಿಯಲ್ಲಿ ಕೂತಿರುತ್ತಾರೆ. ಓಲೆ, ಮೂಗುಬೊಟ್ಟು, ಹೇರ್‌ಪಿನ್, ಶ್ರವಣಯಂತ್ರ ತೆಗೆಸುತ್ತಾರೆ. ಕಿವಿಗೆ ಬಿರಡೆ ಹಾಕುತ್ತಾರೆ, ಯಂತ್ರ ಜೋರಾಗಿ ಟಕ್ ಟಕ್ ಎನ್ನುವ ಕಾರಣಕ್ಕೆ. ತಂತ್ರಜ್ಞರು 8ರ ಆಕಾರದ ಸುರುಳಿಯನ್ನು ಕಿವಿಗೂ ನೆತ್ತಿಗೂ ನಡುವೆ ಇಟ್ಟು ಒಂದೊಂದೇ ಮಿಡಿತ ಕೊಡುತ್ತ, ಅರ್ಧ ಬೆರಳಷ್ಟು ಆಚೀಚೆ ಸರಿಸುತ್ತ ಹೋಗುತ್ತಾರೆ. ಒಂದು ಜಾಗದಲ್ಲಿ ಎದುರು ಪಕ್ಕದ ಹೆಬ್ಬೆರಳು ಚಿಮ್ಮುತ್ತದೆ. ಕೈಯನ್ನು ಆಳುವ ಮೆದುಳಿನ ಭಾಗ ಸಿಕ್ಕಿತು ಎಂದು ಅರ್ಥ. ಅಲ್ಲೊಂದು ಗುರುತು ಹಾಕಿ, ಬೆರಳು ಅಲುಗಲು ಬೇಕಾದ ಕನಿಷ್ಠ ಬಲ ಎಷ್ಟೆಂದು ಅಳೆಯುತ್ತಾರೆ. ಅದು ಒಬ್ಬೊಬ್ಬರಿಗೆ ಒಂದೊಂದು. ಚಿಕಿತ್ಸೆಯ ಪ್ರಮಾಣ ನಿಗದಿಯಾಗುವುದು ಅದರ ಮೇಲೆ. ನೆತ್ತಿಯ ಮೇಲೆ ಯಾರೋ ಬೆರಳಿನಿಂದ ತಟ್ಟಿದ ಹಾಗೆ ಅನಿಸುತ್ತದೆ. ಕೆಲವರಿಗೆ ಆಮೇಲೆ ಸ್ವಲ್ಪ ತಲೆನೋವು ಬರುವುದುಂಟು.

ನಿಮ್ಹಾನ್ಸ್‌ನಲ್ಲಿ ಈ ಯಂತ್ರಕ್ಕೆ ಇನ್ನೊಂದು ಕೆಲಸವೂ ಇದೆ. ನರವಿಜ್ಞಾನ ವಿಭಾಗದ ಡಾ. ಪ್ರಮೋದ್ ಕುಮಾರ್ ಪಾಲ್ ಮತ್ತು ಸಂಗಡಿಗರು ಚಲನೆಯ ತೊಂದರೆಗಳಿರುವ ರೋಗಿಗಳಲ್ಲಿ ಇದನ್ನು ಅಳತೆಗೋಲಾಗಿ ಬಳಸಿ ಅನೇಕ ಅಧ್ಯಯನ ಮಾಡಿದ್ದಾರೆ. ಒಂದು ಮಿಡಿತ ಕೊಟ್ಟು ಸ್ನಾಯುವಿನ ಉತ್ತರ ಎಷ್ಟು ಹೊತ್ತಿಗೆ ಬಂತು, ಬಂದ ಮೇಲೆ ಎಷ್ಟು ಹೊತ್ತು ಸ್ನಾಯು ಸುಮ್ಮನಾಯಿತು ಎಂದು ಮಿಲಿಸೆಕೆಂಡುಗಳಲ್ಲಿ ಲೆಕ್ಕ ಹಾಕಿದರೆ, ಮೆದುಳಿನ ತಡೆಶಕ್ತಿ ಎಲ್ಲಿ ಸಡಿಲಾಗಿದೆ ಎಂಬುದು ಕಾಣುತ್ತದೆ. ಹೊರಗಿನವರಿಗೆ ಒಂದೇ ತರಹದ ನಡುಕವಾಗಿ ಕಾಣುವ ಕಾಯಿಲೆಗಳು ಒಳಗೆ ಬೇರೆ ಬೇರೆ ಎಂದು ಅರಿಯುವ ದಾರಿ ಇದು. ಚಿಕಿತ್ಸೆಯ ಮಾತೆತ್ತುವ ಮೊದಲು ಇಂಥ ಅಳತೆಯ ಕೆಲಸ ನಮ್ಮ ರಾಜ್ಯದಲ್ಲೇ, ಸರ್ಕಾರಿ ಸಂಸ್ಥೆಯಲ್ಲೇ ನಡೆದಿದೆ ಎಂಬುದು ಹೆಮ್ಮೆಯ ಸಂಗತಿ.

ಚಿಕಿತ್ಸೆಗೆ ಒಂದು ಮಿಡಿತ ಸಾಲದು, ಸಾಲುಸಾಲಾಗಿ ಬೇಕು. ಸೆಕೆಂಡಿಗೆ ಒಂದರಂತೆ ಕೊಟ್ಟರೆ ಆ ಭಾಗದ ಚಟುವಟಿಕೆ ತಗ್ಗುವ ಕಡೆ ವಾಲುತ್ತದೆ. ಐದು, ಹತ್ತು ಕೊಟ್ಟರೆ ಏರುವ ಕಡೆಗೆ. ಸುರುಳಿಯ ಬಲ ತಲೆಬುರುಡೆಯ ಒಳಗೆ ಎರಡು ಮೂರು ಸೆಂಟಿಮೀಟರ್ ದಾಟುವುದಿಲ್ಲ. ತೂಬು ಇರುವುದು ಅದಕ್ಕಿಂತ ಬಹಳ ಆಳದಲ್ಲಿ. ಹಾಗಿದ್ದರೆ ಮೇಲಿನಿಂದ ತಟ್ಟಿದ್ದು ಆಳಕ್ಕೆ ಹೇಗೆ ಮುಟ್ಟುತ್ತದೆ? ಮೆದುಳಿನ ಮೇಲ್ಪದರಕ್ಕೂ ಆಳದ ಭಾಗಗಳಿಗೂ ನರತಂತುಗಳ ಸಂಪರ್ಕವಿದೆ. ಮಾಂಟ್ರಿಯಲ್‌ನಲ್ಲಿ ಆಂಟೋನಿಯೊ ಸ್ಟ್ರಫೆಲ್ಲಾ ಮತ್ತು ಸಂಗಡಿಗರು 2001 ಮತ್ತು 2003ರಲ್ಲಿ ಆರೋಗ್ಯವಂತರ ಮೇಲೆ ಪ್ರಯೋಗ ಮಾಡಿದರು. ಮೇಲ್ಪದರಕ್ಕೆ ಟಿಎಂಎಸ್ ಕೊಟ್ಟಾಗ ಆಳದಲ್ಲಿ ಡೋಪಮೈನ್ ಬಿಡುಗಡೆಯಾಗುವುದನ್ನು ಅವರು ಸ್ಕ್ಯಾನಿನಲ್ಲಿ ಕಂಡರು.

ಷಾರ್ಕೋ ಕುರ್ಚಿಯ ಪಾಠ

ಇಷ್ಟು ಕೇಳಿದರೆ ಗೆದ್ದೆವು ಅನಿಸುತ್ತದೆ. ಅವಸರ ಬೇಡ. ಪಾರ್ಕಿನ್ಸನ್‌ಗೆ ಹೊಸ ಯಂತ್ರ ಬಂದಾಗಲೆಲ್ಲ ಜ್ಞಾಪಿಸಿಕೊಳ್ಳಬೇಕಾದ ಹಳೆಯ ಪ್ರಸಂಗವೊಂದಿದೆ, ಅದು ಅರಸೀಕೆರೆಯಂಥ ರೈಲ್ವೆ ಜಂಕ್ಷನ್ನಿನವರಿಗೆ ಕುತೂಹಲ ಹುಟ್ಟಿಸುವಂಥದ್ದು. ಪ್ಯಾರಿಸ್ಸಿನ ಪ್ರಸಿದ್ಧ ನರವೈದ್ಯ ಜೀನ್ ಮಾರ್ಟಿನ್ ಷಾರ್ಕೋ ಅವರಿಗೆ ರೋಗಿಗಳು ಒಂದು ವಿಚಿತ್ರ ಸಂಗತಿ ಹೇಳುತ್ತಿದ್ದರು: ರೈಲಿನಲ್ಲೋ ಕುದುರೆಗಾಡಿಯಲ್ಲೋ ದೂರ ಪ್ರಯಾಣ ಮಾಡಿ ಇಳಿದರೆ ಮೈ ಹಗುರಾಗಿರುತ್ತದೆ, ಬಿಗಿತ ಕಡಿಮೆ. ಷಾರ್ಕೋ ಅದನ್ನು ತಳ್ಳಿಹಾಕಲಿಲ್ಲ. ರೈಲಿನ ಹಾಗೆ ಅಲುಗುವ ಕುರ್ಚಿಯನ್ನೇ ಮಾಡಿಸಿ 1892ರಲ್ಲಿ ರೋಗಿಗಳನ್ನು ಕೂರಿಸಿದರು. ಅನೇಕರಿಗೆ ಸುಖವೆನಿಸಿತು, ನಿದ್ದೆ ಬಂತು. ಮರುವರ್ಷ ಷಾರ್ಕೋ ತೀರಿಕೊಂಡರು, ಕುರ್ಚಿಯೂ ಮೂಲೆ ಸೇರಿತು.

ನೂರಿಪ್ಪತ್ತು ವರ್ಷದ ನಂತರ ಶಿಕಾಗೋದ ವೈದ್ಯರು ಅಂಥದೇ ಪ್ರಯೋಗವನ್ನು ಇವತ್ತಿನ ರೀತಿಯಲ್ಲಿ ಮಾಡಿದರು. ಅರ್ಧ ರೋಗಿಗಳಿಗೆ ನಿಜವಾಗಿ ಕಂಪಿಸುವ ಕುರ್ಚಿ. ಉಳಿದರ್ಧಕ್ಕೆ ಅದೇ ಕುರ್ಚಿ, ಕಂಪನವಿಲ್ಲ, ಹಿತವಾದ ಸದ್ದು ಮಾತ್ರ. 2012ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಎರಡೂ ಗುಂಪಿನವರ ಚಲನೆ ಸುಧಾರಿಸಿತ್ತು, ಎರಡರ ನಡುವೆ ವ್ಯತ್ಯಾಸವಿರಲಿಲ್ಲ.

ಪಾರ್ಕಿನ್ಸನ್‌ನಲ್ಲಿ ನಂಬಿಕೆಯ ಬಲ ಬೇರೆ ಕಾಯಿಲೆಗಳಿಗಿಂತ ಜೋರು. ಅದಕ್ಕೆ ಕಾರಣವೂ ತಿಳಿದಿದೆ. ಕೆನಡಾದ ವ್ಯಾಂಕೂವರ್‌ನ ತಂಡವೊಂದು 2001ರಲ್ಲಿ ರೋಗಿಗಳಿಗೆ ಔಷಧವಿಲ್ಲದ ಚುಚ್ಚುಮದ್ದು ಕೊಟ್ಟು ಸ್ಕ್ಯಾನ್ ಮಾಡಿದಾಗ, ಗುಣವಾಗುತ್ತದೆಂಬ ನಿರೀಕ್ಷೆಯಿಂದಲೇ ಮೆದುಳಿನಲ್ಲಿ ಡೋಪಮೈನ್ ಬಿಡುಗಡೆಯಾಗಿತ್ತು. 2006ರಲ್ಲಿ ಸ್ಟ್ರಫೆಲ್ಲಾ ಅವರೇ ಹುಸಿ ಸುರುಳಿ ಇಟ್ಟು ನೋಡಿದಾಗಲೂ ಹಾಗೆಯೇ ಆಯಿತು. ‘ನಮ್ಮ ಯಂತ್ರದಿಂದ ಇಂಥವರು ಎದ್ದು ನಡೆದರು’ ಎಂಬ ವಿಡಿಯೊ ಸುಳ್ಳೇ ಇರಬೇಕೆಂದಿಲ್ಲ, ಅವರು ನಿಜವಾಗಿಯೂ ನಡೆದಿರಬಹುದು. ಆದರೆ ನಡೆಸಿದ್ದು ಯಂತ್ರವೋ ನಿರೀಕ್ಷೆಯೋ ಎಂಬುದು ಆ ವಿಡಿಯೊದಿಂದ ತಿಳಿಯುವುದಿಲ್ಲ. ಬೆರಳಿಗೆ ಹಾಕಿಕೊಳ್ಳುವ ಕಂಪಿಸುವ ಕೈಗವಸಿನ ವಿಡಿಯೊಗಳ ಮಾತೂ ಇದೇ. ಸ್ಟ್ಯಾನ್‌ಫರ್ಡ್‌ನಲ್ಲಿ ಪೀಟರ್ ಟಾಸ್ ಅವರ ತಂಡ ಅದರ ಮೇಲೆ ಗಂಭೀರ ಕೆಲಸ ಮಾಡುತ್ತಿದೆ. 2021ರಲ್ಲಿ ಅವರು ಪ್ರಕಟಿಸಿದ್ದು ಬೆರಳೆಣಿಕೆಯ ರೋಗಿಗಳ ಮೇಲಿನ ಆರಂಭದ ಪ್ರಯೋಗ.

ಈ ಕಾರಣಕ್ಕೆ ಟಿಎಂಎಸ್‌ನ ಪ್ರಯೋಗಗಳಲ್ಲಿ ಹುಸಿ ಸುರುಳಿ ಇರಲೇಬೇಕು. ಅದೂ ಟಕ್ ಟಕ್ ಎನ್ನುತ್ತದೆ, ನೆತ್ತಿಯ ಮೇಲೆ ಕೂರುತ್ತದೆ, ಮೆದುಳಿಗೆ ಏನೂ ಮುಟ್ಟಿಸುವುದಿಲ್ಲ. 1994ರಲ್ಲಿ ಪಾಸ್ಕುವಲ್-ಲಿಯೋನ್ ಮತ್ತು ಸಂಗಡಿಗರು ಪಾರ್ಕಿನ್ಸನ್ ರೋಗಿಗಳ ಕೈ ಚುರುಕಾಯಿತೆಂದು ವರದಿ ಮಾಡಿದ ಮೇಲೆ ಬಂದ ಹತ್ತಾರು ಸಣ್ಣ ಪ್ರಯೋಗಗಳಲ್ಲಿ ಕೆಲವು ಹೌದೆಂದವು, ಕೆಲವು ಇಲ್ಲವೆಂದವು. 2015ರಲ್ಲಿ 20 ಅಧ್ಯಯನಗಳ 470 ರೋಗಿಗಳ ಫಲಿತಾಂಶವನ್ನು ಒಟ್ಟುಗೂಡಿಸಿ ನೋಡಿದಾಗ, ಹುಸಿ ಸುರುಳಿಗಿಂತ ನಿಜವಾದದ್ದು ಚಲನೆಯಲ್ಲಿ ಮಧ್ಯಮ ಪ್ರಮಾಣದ ಸುಧಾರಣೆ ತರುತ್ತದೆ ಎಂದು ಕಂಡಿತು. 2016ರಲ್ಲಿ ಪ್ರಕಟವಾದ, ಹಲವು ಆಸ್ಪತ್ರೆಗಳು ಸೇರಿ ನಡೆಸಿದ ಪ್ರಯೋಗ ಇನ್ನಷ್ಟು ಗಟ್ಟಿ. ಎರಡು ವಾರದಲ್ಲಿ 10 ದಿನ, ಸೆಕೆಂಡಿಗೆ ಹತ್ತರಂತೆ ನಾಲ್ಕು ನಾಲ್ಕು ಸೆಕೆಂಡಿನ ಕಂತುಗಳಲ್ಲಿ, ಚಲನೆಯ ಭಾಗಕ್ಕೆ ಮಿಡಿತ ಕೊಟ್ಟರು. ತಿಂಗಳ ನಂತರ ನೋಡಿದಾಗ ಚಲನೆಯ ಅಂಕಗಳು ಸುಧಾರಿಸಿದ್ದವು. ಮನಸ್ಸಿನ ಖಿನ್ನತೆಯೂ ಇಳಿಯಬಹುದೆಂದು ಹಣೆಯ ಭಾಗಕ್ಕೂ ಮಿಡಿತ ಕೊಟ್ಟು ನೋಡಿದರು, ಆ ನಿರೀಕ್ಷೆ ಕೈಗೂಡಲಿಲ್ಲ. ಯೂರೋಪಿನ ತಜ್ಞರು 2020ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಪಾರ್ಕಿನ್ಸನ್‌ನ ಚಲನೆಯ ತೊಂದರೆಗೆ ಟಿಎಂಎಸ್ ಅನ್ನು ಎರಡನೇ ದರ್ಜೆಯಲ್ಲಿಟ್ಟರು. ‘ಬಹುಶಃ ಫಲಕಾರಿ’ ಎಂದು ಅದರ ಅರ್ಥ. ಪಾರ್ಕಿನ್ಸನ್ ಇಲ್ಲದವರ ಖಿನ್ನತೆಗೆ, ಪಾರ್ಶ್ವವಾಯುವಿನ ನಂತರದ ಕೈಯ ತೊಂದರೆಗೆ ಅದು ಮೊದಲ ದರ್ಜೆಯಲ್ಲಿದೆ.

ಸಾರ ಇಷ್ಟು: ಟಿಎಂಎಸ್ ಮೋಸವಲ್ಲ, ಪವಾಡವೂ ಅಲ್ಲ. ಅಂಗಿಯ ಗುಂಡಿ ಹಾಕಿಕೊಳ್ಳಲು ಹತ್ತು ನಿಮಿಷ ಹಿಡಿಯುತ್ತಿದ್ದವರಿಗೆ ಆರು ನಿಮಿಷವಾದೀತು, ಹೆಜ್ಜೆ ಕೊಂಚ ಉದ್ದವಾದೀತು, ಕೆಲವು ವಾರ ಹಾಗಿದ್ದು ಮತ್ತೆ ಇಳಿದೀತು. ಸಾಯುತ್ತಿರುವ ಜೀವಕೋಶಗಳನ್ನು ಅದು ಉಳಿಸುತ್ತದೆ ಎಂಬುದಕ್ಕೆ ಆಧಾರವಿಲ್ಲ. ಮಾತ್ರೆ ಬಿಡಿಸುತ್ತೇವೆ, ಪೂರ್ತಿ ಗುಣಪಡಿಸುತ್ತೇವೆ ಎಂದು ಮಾತು ಕೊಡುವ ಜಾಗಕ್ಕೆ ಹೋಗಬಾರದು.

ಟಿಡಿಸಿಎಸ್ ಎಂಬುದು ಇನ್ನೊಂದು ಬಗೆ. ಒದ್ದೆ ಸ್ಪಂಜಿನ ಎರಡು ಪಟ್ಟಿಗಳನ್ನು ತಲೆಗೆ ಕಟ್ಟಿ, ಒಂದೆರಡು ಮಿಲಿಆಂಪಿಯರ್‌ನಷ್ಟು ಸಣ್ಣ ಕರೆಂಟನ್ನು ಇಪ್ಪತ್ತು ನಿಮಿಷ ಹರಿಸುತ್ತಾರೆ. ಜರ್ಮನಿಯ ನಿಟ್‌ಶೆ ಮತ್ತು ಪೌಲುಸ್ 2000ದಲ್ಲಿ ಇದಕ್ಕೆ ಹೊಸ ಜೀವ ಕೊಟ್ಟರು. ನಿಮ್ಹಾನ್ಸ್‌ನಲ್ಲಿ ಡಾ. ಗಣೇಶನ್ ವೆಂಕಟಸುಬ್ರಮಣಿಯನ್ ಅವರ ತಂಡ ಸ್ಕಿಜೋಫ್ರೇನಿಯಾ ರೋಗಿಗಳಿಗೆ ಕೇಳಿಸುವ ಇಲ್ಲದ ದನಿಗಳ ತೊಂದರೆಗೆ ಇದನ್ನು ಬಳಸಿ ಅಧ್ಯಯನ ಮಾಡಿದೆ. ಪಾರ್ಕಿನ್ಸನ್‌ನಲ್ಲಿ ಮಾತ್ರ ಫಲ ಇನ್ನೂ ಗಟ್ಟಿಯಾಗಿ ಸಿದ್ಧವಾಗಿಲ್ಲ. ಯಂತ್ರ ಸಣ್ಣದು, ಅಗ್ಗ, ಆನ್‌ಲೈನಿನಲ್ಲೂ ಸಿಗುತ್ತದೆ. ಮನೆಯಲ್ಲೇ ಕಟ್ಟಿಕೊಳ್ಳೋಣ ಎಂಬ ಆಸೆ ಹುಟ್ಟುವುದು ಸಹಜ. ಪಟ್ಟಿ ತಪ್ಪು ಜಾಗದಲ್ಲಿ ಕೂತರೆ, ಸ್ಪಂಜು ಒಣಗಿದರೆ ಚರ್ಮ ಸುಡುತ್ತದೆ. ವೈದ್ಯರ ಉಸ್ತುವಾರಿ ಇಲ್ಲದೆ ಇದು ಸಲ್ಲದು.

ಹತ್ತು ದಿನ, ಹತ್ತು ಪ್ರಯಾಣ

ಅರಸೀಕೆರೆಯಿಂದ ಬೆಂಗಳೂರಿಗೆ ರೈಲಿನಲ್ಲಿ ಎರಡೂವರೆ, ಮೂರು ಗಂಟೆ. ಇಳಿದ ಮೇಲೆ ನಗರದ ಬಸ್ಸು ಹಿಡಿದು ಹೊಸೂರು ರಸ್ತೆಯ ನಿಮ್ಹಾನ್ಸ್ ತಲುಪಬೇಕು. ಹಳೇಬೀಡಿನವರು ಮೊದಲು ಬಸ್ಸಿನಲ್ಲಿ ಹಾಸನಕ್ಕೋ ಅರಸೀಕೆರೆಗೋ ಬರಬೇಕು. ಕಾಲು ನೆಲಕ್ಕೆ ಅಂಟಿಕೊಳ್ಳುವ ರೋಗಿಗೆ ಜನಜಂಗುಳಿಯ ಪ್ಲಾಟ್‌ಫಾರಂ, ಬಸ್ಸಿನ ಎತ್ತರದ ಮೆಟ್ಟಿಲು, ಹೊರಡುವ ಅವಸರ ಇವೆಲ್ಲ ಕಾಯಿಲೆಯನ್ನು ಆ ಕ್ಷಣಕ್ಕೆ ಹೆಚ್ಚಿಸುತ್ತವೆ. ಟಿಎಂಎಸ್ ಒಂದು ದಿನದ ಚಿಕಿತ್ಸೆಯಲ್ಲ. ಹತ್ತು ದಿನ ಓಡಾಡುವುದು ಅಸಾಧ್ಯ. ಬೆಂಗಳೂರಿನಲ್ಲೇ ಉಳಿಯಬೇಕು, ಜೊತೆಗೊಬ್ಬರು ಕೆಲಸ ಬಿಟ್ಟು ಇರಬೇಕು. ಫಲ ಕೆಲವು ವಾರಕ್ಕೆ ಇಳಿದರೆ ಮತ್ತೆ ಅದೇ ಯಾತ್ರೆ. ಯಂತ್ರದ ಶುಲ್ಕಕ್ಕಿಂತ ಈ ಖರ್ಚೇ ಅನೇಕರ ಕೈ ಕಟ್ಟುತ್ತದೆ.

ಇಲ್ಲಿ ವಿಜ್ಞಾನ ಸ್ವಲ್ಪ ಭರವಸೆ ಕೊಡುತ್ತದೆ. ಥೀಟಾ ಬರ್ಸ್ಟ್ ಎಂಬ ಹೊಸ ಲಯದಲ್ಲಿ ಮಿಡಿತ ಕೊಟ್ಟರೆ, ಖಿನ್ನತೆಗೆ ಮುಕ್ಕಾಲು ಗಂಟೆಯ ಹತ್ತಿರ ಹಿಡಿಯುತ್ತಿದ್ದ ಚಿಕಿತ್ಸೆ ಮೂರು ನಿಮಿಷಕ್ಕೆ ಇಳಿಯುತ್ತದೆ ಎಂದು 2018ರ ದೊಡ್ಡ ಪ್ರಯೋಗ ತೋರಿಸಿತು. ದಿನಕ್ಕೆ ಹತ್ತು ಬಾರಿ ಕೊಟ್ಟು ಐದೇ ದಿನದಲ್ಲಿ ಮುಗಿಸುವ ಕ್ರಮಕ್ಕೆ 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ಇವೆರಡೂ ಖಿನ್ನತೆಯ ಮಟ್ಟಿಗೆ ಸಿದ್ಧವಾದದ್ದು. ಪಾರ್ಕಿನ್ಸನ್‌ಗೂ ಹೊಂದಿದರೆ ಹಾಸನದಂಥ ಜಿಲ್ಲಾ ಕೇಂದ್ರದಲ್ಲಿ ಒಂದು ಯಂತ್ರ, ತರಬೇತಾದ ಒಬ್ಬ ತಂತ್ರಜ್ಞ ಸಾಕಾಗಬಹುದು. ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ 2022ರಲ್ಲಿ ಆರಂಭಿಸಿದ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಜಿಲ್ಲಾ ಮಟ್ಟದ ವೈದ್ಯರಿಗೆ ನರರೋಗಗಳನ್ನು ಗುರುತಿಸುವ ತರಬೇತಿ ಕೊಡುವ ಕೆಲಸ ಕೈಗೊಂಡಿದೆ. ತಲೆನೋವು, ಮೂರ್ಛೆರೋಗ, ಪಾರ್ಶ್ವವಾಯು, ಮರೆವಿನ ಕಾಯಿಲೆ ಅದರ ಮುಖ್ಯ ಗಮನ. ನಡುಕ, ನಿಧಾನ, ಬಿಗಿತಗಳೂ ಆ ಪಟ್ಟಿಗೆ ಗಟ್ಟಿಯಾಗಿ ಸೇರಬೇಕು. ಸರಿಯಾದ ಕಾಯಿಲೆ ಗುರುತಿಸಿ, ಸರಿಯಾದ ಪ್ರಮಾಣದ ಮಾತ್ರೆ ಹೊತ್ತಿಗೆ ಸರಿಯಾಗಿ ಸಿಕ್ಕರೆ ಆಗುವ ಲಾಭ ಯಾವ ಸುರುಳಿಗಿಂತಲೂ ದೊಡ್ಡದು.

ತೂಬಿಗೆ ಬಳಸುದಾರಿ

ಬೆಂಗಳೂರಿಗೆ ಹೋಗದೆ, ಕರೆಂಟೂ ಇಲ್ಲದೆ ಮೆದುಳನ್ನು ಎಚ್ಚರಿಸುವ ಒಂದು ವಿಧಾನ ಇದೆ. ಅದಕ್ಕೆ ಸಿಗಬೇಕಾದಷ್ಟು ಪ್ರಚಾರ ಸಿಕ್ಕಿಲ್ಲ ಎಂಬುದು ಈ ಲೇಖಕರ ಬೇಸರ. ನಡೆಯುತ್ತಿದ್ದ ರೋಗಿ ಹೊಸ್ತಿಲ ಹತ್ತಿರ ಬಂದಾಗ ಥಟ್ಟನೆ ನಿಂತುಬಿಡುತ್ತಾರೆ. ಹಿಮ್ಮಡಿ ಏಳುತ್ತದೆ, ಬೆರಳು ನೆಲ ಬಿಡುವುದಿಲ್ಲ, ಮೈ ಮುಂದಕ್ಕೆ ವಾಲುತ್ತದೆ. ಮನೆಯವರು ಕೈ ಹಿಡಿದು ಎಳೆದರೆ ಬೀಳುತ್ತಾರೆ. ಅದೇ ಹೊತ್ತಿಗೆ ಅವರ ಪಾದದ ಮುಂದೆ ಯಾರಾದರೂ ತಮ್ಮ ಕಾಲನ್ನು ಅಡ್ಡ ಇಟ್ಟು ‘ಇದನ್ನ ದಾಟಿ’ ಎಂದರೆ ಸರಾಗವಾಗಿ ದಾಟುತ್ತಾರೆ! ಬ್ರಿಟಿಷ್ ವೈದ್ಯ ಜೆ. ಪಿ. ಮಾರ್ಟಿನ್ 1967ರಲ್ಲೇ ನೆಲದ ಮೇಲಿನ ಅಡ್ಡಗೆರೆಗಳ ಈ ಪ್ರಭಾವವನ್ನು ವಿವರಿಸಿದ್ದರು.

ತಾನಾಗಿ, ಒಳಗಿನಿಂದ ಹುಟ್ಟುವ ಚಲನೆಗೆ ಆಳದ ತೂಬು ತೆರೆಯಬೇಕು. ಕಣ್ಣಿಗೆ ಕಾಣುವ ಗೆರೆಗೋ ಕಿವಿಗೆ ಬೀಳುವ ತಾಳಕ್ಕೋ ಉತ್ತರವಾಗಿ ಹುಟ್ಟುವ ಚಲನೆ ಮೆದುಳಿನ ಬೇರೆ ಹಾದಿಗಳನ್ನು ಹೆಚ್ಚು ನೆಚ್ಚುತ್ತದೆ, ತೂಬನ್ನು ಬಳಸಿಕೊಂಡು ಹೋಗುತ್ತದೆ. ನೆದರ್‌ಲ್ಯಾಂಡ್ಸ್‌ನ ಡಾ. ಬಾಸ್ಟಿಯಾನ್ ಬ್ಲೂಮ್ 2010ರಲ್ಲಿ ಪ್ರಕಟಿಸಿದ ಪ್ರಸಂಗ ಲೋಕಪ್ರಸಿದ್ಧ: 58 ವರ್ಷದ ರೋಗಿಯೊಬ್ಬರು ಎರಡು ಹೆಜ್ಜೆ ಇಡಲಾರದೆ ಬೀಳುತ್ತಿದ್ದವರು, ಸೈಕಲ್ ಹತ್ತಿಸಿದರೆ ತಿರುವು ತೆಗೆದುಕೊಂಡು ಆರಾಮಾಗಿ ತುಳಿದು ಬರುತ್ತಿದ್ದರು. ಇಳಿದ ಮರುಕ್ಷಣ ಮತ್ತೆ ಕಾಲು ಅಂಟಿಕೊಳ್ಳುತ್ತಿತ್ತು.

ತಾಳದ ವಿಷಯದಲ್ಲಿ ಲೆಕ್ಕವೂ ಇದೆ. ಅಮೆರಿಕದ ಮೈಕೇಲ್ ಥೌಟ್ ಮತ್ತು ಸಂಗಡಿಗರು 1996ರಲ್ಲಿ ರೋಗಿಗಳಿಗೆ ಬಿಗಿ ತಾಳದ ಸಂಗೀತದ ಟೇಪು ಕೊಟ್ಟು ಮೂರು ವಾರ ಮನೆಯಲ್ಲೇ ಅದಕ್ಕೆ ಹೆಜ್ಜೆ ಹಾಕಿಸಿದರು. ನಡಿಗೆಯ ವೇಗ ಸುಮಾರು ಶೇಕಡಾ 25ರಷ್ಟು ಹೆಚ್ಚಿತು. ಭಜನೆಯ ತಾಳ, ಕೋಲಾಟದ ಪೆಟ್ಟು, ಮದ್ದಳೆಯ ನುಡಿ ಗೊತ್ತಿರುವ ಊರುಗಳಲ್ಲಿ ಇದಕ್ಕೆ ಬೇಕಾದ ಸರಂಜಾಮು ಪ್ರತಿ ಬೀದಿಯಲ್ಲೂ ಇದೆ. ಗೆರೆಗಳಿಗೂ ಕೊರತೆಯಿಲ್ಲ. ಬೇಲೂರಿನ ಚೆನ್ನಕೇಶವ ದೇವಾಲಯದ ಸುತ್ತಲಿನ ಅಂಗಳಕ್ಕೆ ಅಗಲವಾದ ಹಾಸುಗಲ್ಲುಗಳಿವೆ, ಎರಡು ಕಲ್ಲಿನ ನಡುವೆ ಕಣ್ಣಿಗೆ ಸ್ಪಷ್ಟವಾಗಿ ಬೀಳುವ ಸಂದು. ಇಂಥ ನೆಲದಲ್ಲಿ ಪ್ರತಿ ಸಂದನ್ನೂ ದಾಟುವ ಗುರಿ ಇಟ್ಟುಕೊಂಡು ಹೆಜ್ಜೆ ಹಾಕುವುದು ಪಾರ್ಕಿನ್ಸನ್ ಇರುವವರಿಗೆ ಗೆರೆಯ ಕೆಲಸ ಮಾಡಬಲ್ಲದು. ಅದೇ ರೋಗಿಗೆ ಗರ್ಭಗುಡಿಯ ಕಡೆಗಿನ ಇಕ್ಕಟ್ಟಾದ ಬಾಗಿಲು, ಕತ್ತಲು, ಹಿಂದಿನಿಂದ ತಳ್ಳುವ ಸಾಲು ಕಷ್ಟ. ಬೆಳಗಿನ ಜನ ಕಡಿಮೆ ಇರುವ ಹೊತ್ತಿನಲ್ಲಿ ಕರೆದೊಯ್ಯುವುದು ಒಳ್ಳೆಯದು.

ಮನೆಯಲ್ಲಾದರೆ ಕೆಲಸ ಇನ್ನೂ ಸುಲಭ. ಮಲಗುವ ಕೋಣೆಯಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿ, ಹೊಸ್ತಿಲ ಈಚೆ ಆಚೆ, ಒಂದು ಹೆಜ್ಜೆಯಷ್ಟು ಅಂತರ ಬಿಟ್ಟು ಬಣ್ಣದ ಟೇಪನ್ನು ಅಡ್ಡ ಅಂಟಿಸಬೇಕು. ಕೆಂಪು ಗಾರೆ ನೆಲವಾದರೆ ಬಿಳಿ ಟೇಪು, ಬಿಳಿ ಟೈಲ್ಸ್ ಆದರೆ ಕಪ್ಪು. ಉದ್ದುದ್ದ ಗೆರೆ ಪ್ರಯೋಜನಕ್ಕೆ ಬಾರದು, ದಾಟುವಂತಿರಬೇಕು. ಕಾಲು ನಿಂತಾಗ ಎಳೆಯದೆ, ‘ತಾತ, ನಿಂತ್ಕೊಳಿ, ಭಾರ ಎಡಗಾಲಿಗೆ ಹಾಕಿ, ಈಗ ಬಲಗಾಲಲ್ಲಿ ಗೆರೆ ದಾಟಿ’ ಎಂದು ಮೊಮ್ಮಗಳು ಹೇಳಿಕೊಡಬಹುದು. ಫಿಸಿಯೊಥೆರಪಿಯವರು ಇದನ್ನೇ ವ್ಯವಸ್ಥಿತವಾಗಿ ಕಲಿಸುತ್ತಾರೆ. ಟಿಎಂಎಸ್ ಜೊತೆಗೆ ಇಂಥ ನಡಿಗೆಯ ಅಭ್ಯಾಸವನ್ನೂ ಮಾಡಿಸಿದರೆ ಫಲ ಹೆಚ್ಚೀತೇ ಎಂದು ಸಂಶೋಧಕರು ನೋಡುತ್ತಿದ್ದಾರೆ.

ಇಷ್ಟಾದರೂ ಟಿಎಂಎಸ್ ಬಗ್ಗೆ ವಿಚಾರಿಸಲೇಬೇಕು ಎನ್ನುವವರು ಚಲನೆಯ ಕಾಯಿಲೆಗಳನ್ನು ನೋಡುವ ನರವೈದ್ಯರ ಹತ್ತಿರವೇ ಕೇಳಬೇಕು. ತಲೆಯೊಳಗೆ ಲೋಹದ ಕ್ಲಿಪ್ಪು, ಕಿವಿಯೊಳಗೆ ಕಾಕ್ಲಿಯರ್ ಯಂತ್ರ, ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಮೊದಲೇ ತಿಳಿಸಬೇಕು. ಹಿಂದೆ ಎಂದಾದರೂ ಫಿಟ್ಸ್ ಬಂದಿದ್ದರೆ ಅದನ್ನೂ ಮುಚ್ಚಿಡಬಾರದು. ಚಿಕಿತ್ಸೆಯ ವೇಳೆ ಫಿಟ್ಸ್ ಬರುವ ಸಂಭವ ಸಾವಿರಕ್ಕೆ ಒಂದಕ್ಕಿಂತ ಕಡಿಮೆ, ಆದರೆ ಅಪಸ್ಮಾರ ಇರುವವರಲ್ಲಿ ಜಾಸ್ತಿ. ಎಷ್ಟು ಸರದಿ, ಮೆದುಳಿನ ಯಾವ ಭಾಗಕ್ಕೆ, ಫಲ ಅಳೆಯುವುದು ಹೇಗೆ, ಒಟ್ಟು ಖರ್ಚೆಷ್ಟು ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಸಂಶೋಧನೆಯ ಭಾಗವಾಗಿ ಕೊಡುವುದಾದರೆ ಹುಸಿ ಸುರುಳಿಯ ಗುಂಪಿಗೆ ಬೀಳುವ ಸಾಧ್ಯತೆ ಇರುತ್ತದೆ. ಅದನ್ನು ಒಪ್ಪಿಗೆ ಪತ್ರದಲ್ಲಿ ಬರೆದಿರುತ್ತಾರೆ, ಓದಿಸಿಕೊಂಡೇ ಸಹಿ ಹಾಕಬೇಕು.

ಹೊರಡುವ ಮುಂಚಿನ ಒಂದು ವಾರ ಮನೆಯವರು ಒಂದು ಹಾಳೆಯಲ್ಲಿ ಮಾತ್ರೆ ನುಂಗಿದ ಗಂಟೆ, ಗುಣ ಶುರುವಾದ ಗಂಟೆ, ಇಳಿದ ಗಂಟೆ, ಊಟದ ಗಂಟೆ ಬರೆದಿಡಬೇಕು. ಬೇಳೆ, ಮೊಟ್ಟೆ, ಮಾಂಸದಂಥ ಪ್ರೋಟೀನಿನ ಊಟದ ಜೊತೆ ನುಂಗಿದರೆ ಲೆವೊಡೋಪಾವನ್ನು ಕರುಳು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಊಟಕ್ಕೆ ಅರ್ಧ, ಮುಕ್ಕಾಲು ಗಂಟೆ ಮೊದಲು ತೆಗೆದುಕೊಳ್ಳಲು ವೈದ್ಯರು ಹೇಳುವುದು ಇದಕ್ಕೇ. ಹಾಳೆಯನ್ನು ನೋಡಿದ ವೈದ್ಯರು ಎಷ್ಟೋ ಸಲ ಮಾತ್ರೆಯ ಹೊತ್ತನ್ನು ಹಿಂದೆ ಮುಂದೆ ಮಾಡಿಯೇ ದಿನದಲ್ಲಿ ಒಂದೆರಡು ಗಂಟೆಯ ಒಳ್ಳೆಯ ನಡಿಗೆ ದೊರಕಿಸಿಕೊಡುತ್ತಾರೆ.